ಉಪನ್ಯಾಸಕನೂ ಮೇಣದ ಬತ್ತಿಯೂ

ಊರೂರುಗಳಲ್ಲಿ ಸಂಘಗಳು ಹೆಚ್ಚಿದಂತೆಲ್ಲ ಉಪನ್ಯಾಸಗಳೂ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆದರೆ ಉಪನ್ಯಾಸ ಕೇಳಿ ಬಂದ ಗೃಹಸ್ಥರನ್ನು ಮನೆಯವರು ‘ಏನು ಹೇಳಿದರು?’ ಎಂದು ಕೇಳಿದರೆ, ಅವರು ಕೊಡೆಯನ್ನು ಮೂಲೆಗಿಡುತ್ತ, ‘ಬಹಳ ಚೆನ್ನಾಗಿ ಹೇಳಿದರು’ ಎಂದು ಉತ್ತರ ಕೊಡುವುದೇ ಹೆಚ್ಚು. ಚೆನ್ನಾಗಿ ಹೇಳಿದುದು ನೆನಪಿನಲ್ಲಿದೆ. ಹೇಳಿದುದೇನೆಂಬುದು ದಾರಿಯಲ್ಲಿಯೇ ಉದುರಿಹೋಗಿದೆ. ಪ್ರಾರ್ಥನೆ, ಸ್ವಾಗತ, ಮಾಲಾರ್ಪಣೆ, ಅಧ್ಯಕ್ಷರ ಪೀಠಿಕೆ, ವಂದನಾರ್ಪಣೆಗಳಲ್ಲಿ ಯಾವ ಲೋಪವೂ ಆಗಿರುವುದಿಲ್ಲ. ಇವುಗಳ ನಡುವೆ ಉಪನ್ಯಾಸವೆಂಬುದೊಂದು ನಡೆದಿತ್ತೆಂಬುದೇನೋ ನಿಜ. ಇನ್ನೂರು ಮಂದಿ ಕುಳಿತ ಸಭೆಯಲ್ಲಿ ಒಂದು ಗಂಟೆ ವ್ಯರ್ಥವಾದರೆ ಕಳೆದುಹೋದುದು ಒಂದು ಗಂಟೆಯಲ್ಲ, ಇನ್ನೂರು ಗಂಟೆ. ಹಣದ ವಿಷಯದಲ್ಲಿ ಇಷ್ಟು ಸೋರಿಕೆಯಾಗಿದ್ದರೆ ಸಂಘದ ಲೆಕ್ಕಪರಿಶೋಧಕರು ಸುಮ್ಮನಿರುತ್ತಿರಲಿಲ್ಲ; ಕಾಲದ ವಿಷಯದಲ್ಲಿ ಕೇಳುವವರೇ ಇಲ್ಲ.

ಈ ನಷ್ಟಕ್ಕೆ ಉಪನ್ಯಾಸಕನ ಅಜ್ಞಾನ ಕಾರಣವೆಂದು ಹೇಳುವುದು ಸಾಧುವಲ್ಲ. ಅನೇಕ ವೇಳೆ ಅವನ ವಿದ್ವತ್ತೇ ಕಾರಣ. ತನಗೆ ತಿಳಿದಿದೆ, ಆದುದರಿಂದ ಹೇಳಬಲ್ಲೆನೆಂದು ವಿದ್ವಾಂಸನು ನಂಬುತ್ತಾನೆ. ಬಾವಿಯಲ್ಲಿ ನೀರಿದ್ದ ಮಾತ್ರಕ್ಕೆ ಅಡಿಗೆಮನೆಯ ಕೊಡ ತುಂಬುವುದಿಲ್ಲ. ರಾಟೆ ಬೇಕು, ಹಗ್ಗ ಬೇಕು, ಸೇದುವ ತೋಳು ಬೇಕು. ವಿಷಯವನ್ನು ಅರಿಯುವುದು ಒಂದು ವಿದ್ಯೆ, ಅರಿಯದವನನ್ನು ಅದರ ಬಳಿಗೆ ಕರೆದೊಯ್ಯುವುದು ಮತ್ತೊಂದು ವಿದ್ಯೆ. ಮೊದಲನೆಯದಕ್ಕೆ ಹತ್ತು ವರ್ಷ ದುಡಿದವರು ಎರಡನೆಯದಕ್ಕೆ ಹತ್ತು ಗಂಟೆ ಕೊಡಲು ಹಿಂಜರಿಯುತ್ತಾರೆ. ಇದು ವಿಚಿತ್ರವಾದರೂ ಸತ್ಯ.

ಎರಡನೆಯ ವಿದ್ಯೆಯನ್ನು ಮೊದಲನೆಯದರಷ್ಟೇ ಶ್ರದ್ಧೆಯಿಂದ ಕಲಿತವನೊಬ್ಬನ ಚರಿತ್ರೆ ಇಲ್ಲಿ ಸ್ಮರಣೀಯ. ವಿದ್ಯುಜ್ಜನಕ ಯಂತ್ರಗಳಿಗೆ ಮೂಲವಾದ ತತ್ತ್ವವನ್ನು ೧೮೩೧ರಲ್ಲಿ ಕಂಡುಹಿಡಿದ ಮೈಕೇಲ್ ಫ್ಯಾರಡೆಯನ್ನು ಅರಿಯದ ವಿದ್ಯಾವಂತರಿಲ್ಲ. ಆದರೆ ಆತನು ಶಾಸ್ತ್ರಜ್ಞನಾಗುವುದಕ್ಕಿಂತ ಮೊದಲು ಶ್ರೋತೃವಾಗಿದ್ದನೆಂಬುದನ್ನು ನೆನೆಯುವವರು ವಿರಳ. ೧೭೯೧ರಲ್ಲಿ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ ಈತನು ಹದಿನಾಲ್ಕನೆಯ ವಯಸ್ಸಿನಲ್ಲಿ ಲಂಡನ್ನಿನ ಒಂದು ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿದನು. ಕಟ್ಟಲು ಬಂದ ಪುಸ್ತಕಗಳನ್ನು ಓದುವುದು ಅವನ ಚಾಳಿಯಾಯಿತು. ಹಾಗೆ ಕೈಗೆ ಸಿಕ್ಕಿದುದರಲ್ಲಿ ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಸಂವಾದಗಳ ಪುಸ್ತಕವೂ ಒಂದು. ಆ ಪುಸ್ತಕ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಆಕೆ ಪ್ರಸಿದ್ಧ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಹೋಗಿದ್ದಳು. ಅವು ಎಷ್ಟೇ ರಮ್ಯವಾಗಿದ್ದರೂ ಅದರ ವೇಗಕ್ಕೆ ಅವಳ ಮನಸ್ಸು ಒಗ್ಗಲಿಲ್ಲ. ಅನಂತರ ಸ್ನೇಹಿತರೊಬ್ಬರೊಡನೆ ಅದೇ ವಿಷಯವನ್ನು ನಿಧಾನವಾಗಿ ಮಾತನಾಡಿದಾಗ ಎಲ್ಲವೂ ತಿಳಿಯಾಯಿತು. ತನಗೆ ಆದ ಉಪಕಾರ ಇತರರಿಗೂ ಆಗಲೆಂದು ೧೮೦೬ರಲ್ಲಿ ಆ ಸಂವಾದವನ್ನೇ ಗ್ರಂಥವಾಗಿಸಿದಳು. ಒಂದು ಸಭೆಯಲ್ಲಿ ಕೈತಪ್ಪಿದ ಎಳೆಯನ್ನು ಒಬ್ಬ ಶ್ರೋತೃವೇ ಹಿಡಿದೆತ್ತಿ, ಇನ್ನೊಬ್ಬನ ಕೈಗೆ ಕೊಟ್ಟಂತಾಯಿತು.

೧೮೧೨ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಈ ಯುವಕನಿಗೆ ಡೇವಿಯ ನಾಲ್ಕು ಉಪನ್ಯಾಸಗಳ ಚೀಟಿಗಳನ್ನು ಕೊಟ್ಟರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಭಾಂಗಣದಲ್ಲಿ, ಮೇಲಿನ ಸಾಲಿನಲ್ಲಿ, ಗಡಿಯಾರದ ಮೇಲ್ಗಡೆ ಕುಳಿತು ಅವನು ಅವುಗಳನ್ನು ಕೇಳಿದನು. ಕೇಳಿದುದನ್ನು ಬರೆದುಕೊಂಡನು; ಬರೆದುದನ್ನು ಮನೆಯಲ್ಲಿ ವಿಸ್ತರಿಸಿ, ಯಂತ್ರಗಳ ಚಿತ್ರಗಳನ್ನು ಬಿಡಿಸಿ, ಸುಮಾರು ೩೦೦ ಪುಟಗಳ ಆ ಹಸ್ತಪ್ರತಿಗೆ ತಾನೇ ರಟ್ಟು ಕಟ್ಟಿ, ಡೇವಿಗೆ ಕಳುಹಿಸಿಕೊಟ್ಟನು. ೧೮೧೩ರ ಮಾರ್ಚಿಯಲ್ಲಿ ಅವನಿಗೆ ಅಲ್ಲಿಯೇ ಪ್ರಯೋಗಶಾಲೆಯ ಸಹಾಯಕನ ಕೆಲಸ ದೊರೆಯಿತು.

ಅಲ್ಲಿ ಬೇರೆ ಬೇರೆ ಉಪನ್ಯಾಸಕರಿಗೆ ಸಾಮಗ್ರಿ ಒದಗಿಸುವುದು ಅವನ ಕರ್ತವ್ಯ. ಮೇಜಿನ ಬದಿಯಲ್ಲಿ ನಿಂತವನಿಗೆ ಮಾತನಾಡುವವರ ಮುಖವೂ ಕೇಳುವವರ ಮುಖವೂ ಒಟ್ಟಿಗೆ ಕಾಣುತ್ತವೆ. ಕೆಲವೇ ತಿಂಗಳುಗಳಲ್ಲಿ, ಇಪ್ಪತ್ತೊಂದು ವರ್ಷದ ಈ ಸಹಾಯಕನು ತನ್ನ ಮಿತ್ರ ಬೆಂಜಮಿನ್ ಆಬಟ್‌ಗೆ ಬರೆದ ಪತ್ರಗಳಲ್ಲಿ ಉಪನ್ಯಾಸಕಲೆಯ ಒಂದು ಶಾಸ್ತ್ರವನ್ನೇ ರಚಿಸಿದನೆನ್ನಬಹುದು. ಅವನು ಮೊದಲು ಗಮನಿಸಿದ್ದು ವಿಷಯವನ್ನಲ್ಲ, ಕೊಠಡಿಯ ಗಾಳಿಯನ್ನು. ಉಸಿರು ಕಟ್ಟುವ ಕೋಣೆಯಲ್ಲಿ ಕುಳಿತವನಿಗೆ ಬೃಹಸ್ಪತಿಯ ಮಾತೂ ರುಚಿಸದು. ಉಪಕರಣಗಳು ಎಲ್ಲರಿಗೂ ಕಾಣುವಂತಿರಬೇಕು. ಉಪನ್ಯಾಸಕನು ಸಭೆಗೆ ಬೆನ್ನು ತಿರುಗಿಸಬಾರದು. ಒಂದು ಗಂಟೆಯನ್ನು ಮೀರಬಾರದು. ಅಪಘಾತವಾದ ಹೊರತು ಕ್ಷಮೆ ಬೇಡಬಾರದು. ಚಪ್ಪಾಳೆಗಾಗಿ ಬಲೆ ಬೀಸಿದವನು ತನ್ನ ಘನತೆಯಿಂದ ಕೆಳಗಿಳಿದನೆಂದೇ ತಿಳಿಯಬೇಕು. ಇವು ಆ ಪತ್ರಗಳ ಸಾರ. ಇಷ್ಟೆಲ್ಲವನ್ನೂ ಬರೆದ ಮೇಲೆ ಅವನು ವೇದಿಕೆಗೆ ಧುಮುಕಲಿಲ್ಲ. ಮೂರು ವರ್ಷ ಕಾದು, ೧೮೧೬ರಲ್ಲಿ, ತನ್ನಂಥ ಯುವಕರು ಸೇರುತ್ತಿದ್ದ ಸಿಟಿ ಫಿಲಸಾಫಿಕಲ್ ಸೊಸೈಟಿ ಎಂಬ ಸಣ್ಣ ಸಂಘದಲ್ಲಿ ಮೊದಲ ಉಪನ್ಯಾಸ ಮಾಡಿದನು. ಅಲ್ಲಿಗೂ ತೃಪ್ತಿಯಿಲ್ಲದೆ, ೧೮೧೮ರಲ್ಲಿ ಬೆಂಜಮಿನ್ ಸ್ಮಾರ್ಟ್ ಎಂಬ ಗುರುವಿನಿಂದ ಮಾತುಗಾರಿಕೆಯ ಪಾಠ ಹೇಳಿಸಿಕೊಂಡನು. ಹುಟ್ಟುಗುಣವೆಂದು ಲೋಕ ಹೊಗಳಿದ ಸರಳತೆಯು ಇಷ್ಟು ಸಾಧನೆಯ ಫಲ.

ಆ ಸಂಸ್ಥೆಯಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ಉಪನ್ಯಾಸಗಳನ್ನು ಏರ್ಪಡಿಸುವ ಪದ್ಧತಿ ೧೮೨೫ರಲ್ಲಿ ಆರಂಭವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆಲವು ವರ್ಷ ನಿಂತುದನ್ನು ಬಿಟ್ಟರೆ ಇಂದಿಗೂ ನಡೆದುಬರುತ್ತಿದೆ. ೧೮೨೭ರಿಂದ ೧೮೬೦ರ ವರೆಗೆ ಫ್ಯಾರಡೆಯೊಬ್ಬನೇ ೧೯ ಮಾಲೆಗಳನ್ನು ನಡೆಸಿಕೊಟ್ಟನು. ಕೊನೆಯ ಮಾಲೆಯ ಆರು ಉಪನ್ಯಾಸಗಳನ್ನು ವಿಲಿಯಂ ಕ್ರುಕ್ಸ್ ೧೮೬೧ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅಷ್ಟು ಹೊತ್ತಿಗೆ ಫ್ಯಾರಡೆ ಯೂರೋಪಿನ ಅಗ್ರಗಣ್ಯ ವಿಜ್ಞಾನಿ. ಮಕ್ಕಳ ಮುಂದೆ ಆತನು ಇಟ್ಟ ವಸ್ತು ಯಾವುದು? ಒಂದು ಮೇಣದ ಬತ್ತಿ.

ಈ ಆಯ್ಕೆಯಲ್ಲಿಯೇ ಅರ್ಧ ಉಪನ್ಯಾಸ ಮುಗಿದಿದೆ. ಮೇಣದ ಬತ್ತಿಯನ್ನು ಕಾಣದ ಮಗುವಿಲ್ಲ. ನೋಡಿದ ಮಗುವೂ ಇರಲಿಲ್ಲ. ಉರಿಯುವ ಬತ್ತಿಯ ತುದಿಯಲ್ಲಿ ಕರಗಿದ ಮೇಣಕ್ಕೆ ಬಟ್ಟಲಿನ ಅಂಚಿನಂತೆ ಒಂದು ಕಟ್ಟೆ ಏಕೆ ನಿಲ್ಲುತ್ತದೆ? ಬಿಸಿಯಿಂದ ಮೇಲೇಳುವ ಗಾಳಿಯ ಪ್ರವಾಹವು ಸುತ್ತಲಿನಿಂದ ತಣ್ಣನೆಯ ಗಾಳಿಯನ್ನು ಸೆಳೆದು ಅಂಚನ್ನು ತಂಪಾಗಿಡುವುದರಿಂದ. ಕರಗಿದ ಮೇಣ ದಾರವನ್ನು ಹತ್ತುವುದು ಹೇಗೆ? ನೀರಿನ ಪಾತ್ರೆಯ ಅಂಚಿಗೆ ಹಾಕಿದ ಬಟ್ಟೆಯಲ್ಲಿ ನೀರು ತಾನೇ ಹತ್ತಿ ಬರುವಂತೆ. ಉರಿಯುವುದು ಮೇಣವೋ, ಅದರ ಆವಿಯೋ? ಬತ್ತಿಯನ್ನು ಆರಿಸಿ, ಮೇಲೇಳುವ ಹೊಗೆಯೆಳೆಗೆ ದೂರದಿಂದಲೇ ಕಡ್ಡಿಯ ಉರಿ ಮುಟ್ಟಿಸಿದರೆ, ಜ್ವಾಲೆ ಆ ಎಳೆಯ ಗುಂಟ ಓಡಿಬಂದು ದಾರಕ್ಕೆ ಮತ್ತೆ ಹತ್ತಿಕೊಳ್ಳುತ್ತದೆ. ಜ್ವಾಲೆಯ ಮೇಲೆ ತಣ್ಣನೆಯ ಪಾತ್ರೆ ಹಿಡಿದರೆ ಅದರ ಮೈಯಲ್ಲಿ ಹನಿ ಕೂಡುತ್ತದೆ. ಬೆಂಕಿಯಿಂದ ನೀರು ಹುಟ್ಟುತ್ತದೆ! ಉರಿದ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಹಾಯಿಸಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಕೊನೆಯ ದಿನ, ಮನುಷ್ಯನ ಉಸಿರನ್ನು ಅದೇ ತಿಳಿನೀರಿಗೆ ಊದಿದಾಗ ಅದೂ ಬೆಳ್ಳಗಾಗುತ್ತದೆ. ಆರು ದಿನ ದೂರದಲ್ಲಿ ನಿಂತು ನೋಡುತ್ತಿದ್ದ ಉರಿಯು ತನ್ನ ಎದೆಯೊಳಗೂ ಇದೆಯೆಂದು ಆ ಕ್ಷಣದಲ್ಲಿ ಬಾಲಕನಿಗೆ ಹೊಳೆಯುತ್ತದೆ.

ಇಲ್ಲಿ ಒಂದು ಕ್ರಮವಿದೆ. ಕಂಡುದರಿಂದ ಕಾಣದುದಕ್ಕೆ, ಒಂದು ಪ್ರಶ್ನೆಯ ಉತ್ತರದಿಂದ ಮುಂದಿನ ಪ್ರಶ್ನೆಗೆ ದಾರಿ ಸಾಗುತ್ತದೆ. ಯಾವ ಮೆಟ್ಟಿಲನ್ನೂ ಹಾರಿಲ್ಲ. ಆಮ್ಲಜನಕ, ಜಲಜನಕ, ಇಂಗಾಲಗಳ ಹೆಸರುಗಳು ಅವುಗಳಿಗೆ ಕೆಲಸ ಬಿದ್ದಾಗ ಮಾತ್ರ ಬರುತ್ತವೆ. ಹೆಸರು ಮೊದಲು ಬಂದು ವಸ್ತು ಆಮೇಲೆ ಬರುವುದು ಪಠ್ಯಪುಸ್ತಕದ ಪದ್ಧತಿ. ವಸ್ತು ಮೊದಲು ಬಂದು ಹೆಸರಿಗಾಗಿ ಕಾಯುವುದು ಬೋಧಕನ ಪದ್ಧತಿ.

ಫ್ಯಾರಡೆ ಯುವ ಉಪನ್ಯಾಸಕನೊಬ್ಬನಿಗೆ ಹೇಳಿದನೆನ್ನಲಾದ ಬುದ್ಧಿವಾದವೊಂದುಂಟು: ಕೈಬಿಟ್ಟರೆ ಕಲ್ಲು ನೆಲಕ್ಕೆ ಬೀಳುತ್ತದೆಂದು ಹೇಳಬೇಕಾದರೂ, ಹೇಳಿ ಸುಮ್ಮನಾಗಬಾರದು, ಕೈಬಿಟ್ಟು ತೋರಿಸಬೇಕು. ಕಲ್ಲು ಬೀಳುವುದನ್ನು ಅರಿಯದವರು ಯಾರೂ ಇಲ್ಲ. ಆದರೆ ಬಿದ್ದ ಕಲ್ಲಿನ ಸದ್ದಿಗೆ ತೂಕಡಿಸುವವನೂ ಕಣ್ಣು ತೆರೆಯುತ್ತಾನೆ. ಕಿವಿಗೆ ಕಣ್ಣು ಸಾಕ್ಷಿಯಾಗುತ್ತದೆ.

ಈ ಕ್ರಮ ಕನ್ನಡ ಜಿಲ್ಲೆಯ ಒಂದು ಸಂಘದ ಸಭೆಗೂ ಸಲ್ಲುತ್ತದೆಯೆ ಎಂದು ಪರೀಕ್ಷಿಸಬಹುದು. ಒಬ್ಬ ಉಪಾಧ್ಯಾಯರಿಗೆ ‘ಮಳೆ’ಯನ್ನು ಕುರಿತು ಮಾತನಾಡಲು ಆಹ್ವಾನ ಬಂದಿದೆಯೆಂದು ಇಟ್ಟುಕೊಳ್ಳೋಣ. ಮಳೆಯೆಂಬುದು ವಿಷಯವಲ್ಲ, ಸಮುದ್ರ; ಅದರಲ್ಲಿ ಇಳಿದವರು ದಡ ಸೇರುವುದಿಲ್ಲ. ಅದಕ್ಕೆ ಬದಲಾಗಿ ಅವರು ಒಂದೇ ಪ್ರಶ್ನೆಯನ್ನು ಹಿಡಿಯಲಿ: ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವಾಗ, ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಐದುನೂರರ ಸುತ್ತಮುತ್ತಲೇ ನಿಲ್ಲುವುದೇಕೆ? ಒಂದೇ ಆಕಾಶ, ಒಂದೇ ಮುಂಗಾರು. ಒಂದು ಹಗಲಿನ ಪ್ರಯಾಣದ ಅಂತರ. ಈ ಪ್ರಶ್ನೆ ಕಿವಿಗೆ ಬಿದ್ದೊಡನೆ ಸಭೆಯಲ್ಲಿ ಕುಳಿತ ರೈತನೂ ವಕೀಲನೂ ಒಂದೇ ಬಾರಿಗೆ ಮುಂದೆ ಬಾಗುತ್ತಾರೆ, ಏಕೆಂದರೆ ಅದು ಇಬ್ಬರ ಮನೆಯ ಪ್ರಶ್ನೆ.

ಅನಂತರ ಉಪಾಧ್ಯಾಯರು ಹಿತ್ತಾಳೆಯ ಚೊಂಬಿನಲ್ಲಿ ಮಂಜುಗಡ್ಡೆ ಬೆರೆಸಿದ ನೀರನ್ನು ಮೇಜಿನ ಮೇಲಿಡಲಿ. ಸ್ವಲ್ಪ ಹೊತ್ತಿಗೆ ಚೊಂಬಿನ ಹೊರಮೈ ಬೆವರುತ್ತದೆ. ನೀರು ಒಳಗಿನಿಂದ ಸೋರಿದ್ದಲ್ಲ; ಗಾಳಿಯಲ್ಲಿ ಕಾಣದೆ ಇದ್ದ ಆವಿಯು ತಂಪು ತಗುಲಿ ಹನಿಯಾದುದು. ಇಷ್ಟು ಕಂಡವರಿಗೆ ಉಳಿದುದು ಕಷ್ಟವಲ್ಲ. ಸಮುದ್ರದಿಂದ ಬಂದ ತೇವದ ಗಾಳಿ ಪಶ್ಚಿಮ ಘಟ್ಟಗಳ ಗೋಡೆಗೆ ತಾಗಿ ಮೇಲೇರುತ್ತದೆ. ಏರಿದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ಚೊಂಬಿನ ಮೈಯಲ್ಲಾದುದೇ ಘಟ್ಟದ ನೆತ್ತಿಯಲ್ಲಿ ಆಗುತ್ತದೆ. ತನ್ನ ನೀರನ್ನು ಅಲ್ಲಿ ಸುರಿದು ಬರಿಗೈಯಾದ ಗಾಳಿ ಪೂರ್ವಕ್ಕಿಳಿಯುವಾಗ ಮತ್ತೆ ಬಿಸಿಯಾಗಿ ಒಣಗುತ್ತದೆ. ಚಳ್ಳಕೆರೆ ಘಟ್ಟದ ಮಳೆಯ ಮರೆಯಲ್ಲಿದೆ. ಉಪನ್ಯಾಸ ಇಷ್ಟೆ. ಹವಾಮಾನ ಇಲಾಖೆ ೧೮೭೫ರಲ್ಲಿ ಸ್ಥಾಪಿತವಾದುದು, ಮೇಘಗಳ ಹತ್ತು ಬಗೆಯ ಹೆಸರುಗಳು, ಸಂಸ್ಕೃತ ಕಾವ್ಯಗಳ ವರ್ಷಾವರ್ಣನೆ ಇವೆಲ್ಲವೂ ಒಳ್ಳೆಯ ಸಂಗತಿಗಳೇ. ಉಪಾಧ್ಯಾಯರು ಅವನ್ನು ಓದಿಯೇ ಇರುತ್ತಾರೆ; ಹೇಳುವ ಆಸೆಯೂ ಇರುತ್ತದೆ. ಅವನ್ನು ಬಿಡುವುದೇ ಸಿದ್ಧತೆಯಲ್ಲಿ ಅತ್ಯಂತ ಕಠಿನವಾದ ಭಾಗ. ತನಗೆ ಪ್ರಿಯವಾದುದನ್ನು ಕೇಳುವವರ ಹಿತಕ್ಕಾಗಿ ಬಿಡುವುದು ಒಂದು ಬಗೆಯ ತ್ಯಾಗ. ಅದು ಸಭೆಗೆ ಕಾಣುವುದಿಲ್ಲ. ಅದರ ಫಲ ಮಾತ್ರ ಕಾಣುತ್ತದೆ.

ಕನ್ನಡ ನಾಡಿಗೆ ಕೇಳುವ ಅಭ್ಯಾಸ ಹೊಸದಲ್ಲ. ಗಮಕಿಯು ಕುಮಾರವ್ಯಾಸನ ಭಾರತವನ್ನು ವಾಚಿಸುವುದು, ವ್ಯಾಖ್ಯಾನಕಾರರು ಪದ್ಯ ಪದ್ಯಕ್ಕೂ ಅರ್ಥವನ್ನು ಬಿಡಿಸುವುದು, ಊರು ಊರೇ ಜಗಲಿಯ ಮೇಲೆ ಕುಳಿತು ಕೇಳುವುದು ಬಹುಕಾಲದಿಂದ ಬಂದ ರೂಢಿ. ಹರಿಕಥೆಯ ದಾಸರು ಸಭೆಯ ಮುಖ ನೋಡಿ, ತೂಕಡಿಕೆ ಹತ್ತಿತೆಂದು ಕಂಡೊಡನೆ ಒಂದು ಹಾಡನ್ನೋ ಉಪಕಥೆಯನ್ನೋ ಹಾಕುತ್ತಾರೆ. ಕಣ್ಣನ್ನು ಕಾಗದದಲ್ಲಿ ನೆಟ್ಟು ಓದುವ ಉಪನ್ಯಾಸಕನು ಇವರಿಂದ ಕಲಿಯತಕ್ಕುದು ಬಹಳವಿದೆ. ಆದರೆ ಒಂದು ಭೇದವನ್ನು ಮರೆಯಬಾರದು. ಹರಿಕಥೆಗೆ ಬಂದವನಿಗೆ ಕಥೆ ಮೊದಲೇ ಗೊತ್ತು. ದ್ರೌಪದಿಯ ಮಾನ ಉಳಿಯುವುದೆಂದು ತಿಳಿದೇ ಅವನು ಕಣ್ಣೀರು ಹಾಕುತ್ತಾನೆ. ದಾಸರು ಎಷ್ಟು ದೂರ ಹೋದರೂ ಅವನಿಗೆ ದಾರಿ ತಪ್ಪುವುದಿಲ್ಲ. ಶಾಸ್ತ್ರವಿಷಯವನ್ನು ಕೇಳಲು ಬಂದವನಿಗೆ ಕಥೆಯೇ ತಿಳಿಯದು. ಒಮ್ಮೆ ಎಳೆ ತಪ್ಪಿದರೆ ಹಿಂದಿನ ಪುಟ ತಿರುವಿ ನೋಡಲು ಅವನ ಕೈಯಲ್ಲಿ ಪುಸ್ತಕವಿಲ್ಲ. ಆದುದರಿಂದ ಎಲ್ಲಿಗೆ ಹೋಗುತ್ತಿರುವೆವೆಂದು ಮೊದಲೇ ಹೇಳುವುದು, ನಡುವೆ ಎಷ್ಟು ದೂರ ಬಂದಾಯಿತೆಂದು ನಿಂತು ತೋರಿಸುವುದು, ಮುಖ್ಯವಾದುದನ್ನು ಬೇರೆ ಮಾತುಗಳಲ್ಲಿ ಮತ್ತೊಮ್ಮೆ ಹೇಳುವುದು ಉಪನ್ಯಾಸದಲ್ಲಿ ಪುನರುಕ್ತಿದೋಷವಲ್ಲ, ಧರ್ಮ.

ಭಾಷೆಯೂ ಸಿದ್ಧತೆಯ ಒಂದು ಅಂಗ. ಬಿ. ಎಂ. ಶ್ರೀಕಂಠಯ್ಯನವರು ೧೯೧೧ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಮಾಡಿದ ಪ್ರಸಿದ್ಧ ಭಾಷಣದ ಹೆಸರು ‘ಕನ್ನಡ ಮಾತು ತಲೆ ಎತ್ತುವ ಬಗೆ’. ಕನ್ನಡದ ಅಭ್ಯುದಯವನ್ನು ಕುರಿತ ಆ ಭಾಷಣದ ಹೆಸರಿನಲ್ಲಿ ಅಭ್ಯುದಯವೆಂಬ ಪದವಿಲ್ಲ; ಇರುವ ಪದಗಳೆಲ್ಲ ಅಡಿಗೆಮನೆಯಲ್ಲಿಯೂ ಹೊಲದಲ್ಲಿಯೂ ಓಡಾಡುವಂಥವು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಸಂಗಡಿಗರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ, ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ಮಾಡಿ ತೋರಿಸಿದರು. ಇಂದು ಪಾರಿಭಾಷಿಕ ಪದಗಳಿಗೆ ಬಡತನವಿಲ್ಲ. ಅವನ್ನು ಯಾವಾಗ ಬಳಸಬೇಕೆಂಬ ವಿವೇಚನೆಗೆ ಬಡತನ. ಹೊಸ ಪದವು ಮನೆಗೆ ಬಂದ ಹೊಸ ನೆಂಟನಂತೆ. ಒಬ್ಬನೇ ಬಂದರೆ ಎಲ್ಲರೂ ಉಪಚರಿಸುತ್ತಾರೆ, ಹತ್ತು ಮಂದಿ ಒಟ್ಟಿಗೆ ಬಂದರೆ ಮನೆಯವರೇ ಹಿತ್ತಲಿಗೆ ಹೋಗುತ್ತಾರೆ.

ಈಗಿನ ಸಭೆಗಳಲ್ಲಿ ಗಣಕಯಂತ್ರದಿಂದ ಪರದೆಯ ಮೇಲೆ ಚಿತ್ರಗಳನ್ನೂ ಅಕ್ಷರಗಳನ್ನೂ ಮೂಡಿಸುವ ಸೌಕರ್ಯವಿದೆ. ಹಿಂದೆ ಮಾಯಾದೀಪದಿಂದ ಗಾಜಿನ ಚಿತ್ರಗಳನ್ನು ತೋರಿಸುತ್ತಿದ್ದುದರ ಮುಂದಿನ ಸಂತತಿ ಇದು. ಆಗುಂಬೆಯ ಘಟ್ಟದ ಅಡ್ಡಕೊಯ್ತವನ್ನು ಗೆರೆಗಳಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ಪರದೆಯ ತುಂಬ ವಾಕ್ಯಗಳನ್ನು ಬರೆದು, ಸಭೆಗೆ ಬೆನ್ನು ತಿರುಗಿಸಿ, ಅದನ್ನೇ ಗಟ್ಟಿಯಾಗಿ ಓದುವ ಪದ್ಧತಿ ಬಂದಿದೆ. ಕಣ್ಣು ಒಂದು ಸಾಲನ್ನು ಓದುತ್ತಿರುವಾಗ ಕಿವಿ ಮತ್ತೊಂದು ಸಾಲನ್ನು ಕೇಳುತ್ತದೆ. ಮನಸ್ಸು ಎರಡನ್ನೂ ಬಿಟ್ಟು ಮನೆಗೆ ಹೋಗುತ್ತದೆ. ಪರದೆಯು ಮಾತಿಗೆ ತೋರುಬೆರಳಾಗಬೇಕೇ ಹೊರತು ಊರುಗೋಲಾಗಬಾರದು. ವಿದ್ಯುತ್ತು ನಿಂತುಹೋದರೂ ನಡೆಯಬಲ್ಲ ಉಪನ್ಯಾಸವೇ ಸಿದ್ಧವಾದ ಉಪನ್ಯಾಸ. ಮನೆಯಲ್ಲಿ ಒಮ್ಮೆ, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಗಟ್ಟಿಯಾಗಿ ಹೇಳಿ ನೋಡಿದವನಿಗೆ ಮಾತ್ರ ಆ ಧೈರ್ಯ ಬರುತ್ತದೆ.

ಗಡಿಯಾರದ ಮಾತು ಬಂದುದರಿಂದ ಫ್ಯಾರಡೆಯ ಇನ್ನೊಂದು ಅಭ್ಯಾಸವನ್ನು ಹೇಳಬೇಕು. ಉತ್ಸಾಹದಲ್ಲಿ ಮಾತು ವೇಗವಾಗುವುದು ತನ್ನ ದೋಷವೆಂದು ಅರಿತಿದ್ದ ಆತನು ‘ನಿಧಾನ’ ಎಂದು ಬರೆದ ಒಂದು ಚೀಟಿಯನ್ನು ಕಣ್ಣೆದುರಿಗೆ ಇಡಿಸಿಕೊಳ್ಳುತ್ತಿದ್ದನು. ಗಂಟೆ ಮುಗಿಯುವ ಹೊತ್ತಿಗೆ ‘ಸಮಯ’ ಎಂಬ ಚೀಟಿಯನ್ನು ಸಹಾಯಕನು ಮುಂದಿಡಬೇಕಾಗಿತ್ತು. ಯೂರೋಪೆಲ್ಲ ಗೌರವಿಸುತ್ತಿದ್ದ ಪಂಡಿತನು ತನ್ನ ಸಹಾಯಕನ ಕೈಯ ಎರಡು ಚೀಟಿಗಳಿಗೆ ತಲೆಬಾಗುತ್ತಿದ್ದನು. ‘ಸಮಯಾಭಾವದಿಂದ ಸಂಕ್ಷೇಪಿಸುತ್ತೇನೆ’ ಎಂದು ಆರಂಭಿಸಿ ಎರಡು ಗಂಟೆ ಮಾತನಾಡುವ ಮಹನೀಯರು ಇದನ್ನು ಮನನ ಮಾಡತಕ್ಕುದು. ಕೇಳುವವರು ಎದ್ದುಹೋಗದಿರುವುದು ಅವರ ಸೌಜನ್ಯ; ಅದನ್ನು ಅನುಮತಿಯೆಂದು ಭಾವಿಸುವುದು ಅನ್ಯಾಯ.

ಇಷ್ಟು ಶ್ರಮ ಯಾರಿಗಾಗಿ ಎಂದು ಕೇಳಬಹುದು. ಮುಂದಿನ ಸಾಲಿನಲ್ಲಿರುವ ಗಣ್ಯರಿಗೆ ವಿಷಯ ಬಹುಶಃ ಮೊದಲೇ ಗೊತ್ತು. ಕೆಲವರು ಸ್ನೇಹಕ್ಕಾಗಿ, ಕೆಲವರು ಶಿಷ್ಟಾಚಾರಕ್ಕಾಗಿ ಬಂದವರು. ಆದರೆ ಸಭೆಯಲ್ಲಿ ಯಾರು ಕುಳಿತಿದ್ದಾರೆಂಬುದು ಉಪನ್ಯಾಸಕನಿಗೆ ಎಂದೂ ಪೂರ್ತಿಯಾಗಿ ತಿಳಿಯದು. ಡೇವಿಗೂ ತಿಳಿದಿರಲಿಲ್ಲ. ಲಂಡನ್ನಿನ ಶ್ರೀಮಂತರು ನೆರೆದಿದ್ದ ಆ ಸಭೆಯಲ್ಲಿ, ಯಾರೋ ಕೊಟ್ಟ ಚೀಟಿ ಹಿಡಿದು ಬಂದ, ಶಾಲೆಯಲ್ಲಿ ಓದುಬರಹ ಲೆಕ್ಕಗಳಿಗಿಂತ ಹೆಚ್ಚನ್ನು ಕಲಿಯದ ಇಪ್ಪತ್ತು ವರ್ಷದ ಕೂಲಿಯ ಹುಡುಗನೊಬ್ಬ ಮೇಲಿನ ಸಾಲಿನಲ್ಲಿ ಕುಳಿತು ಒಂದೊಂದು ಮಾತನ್ನೂ ಬರೆದುಕೊಳ್ಳುತ್ತಿದ್ದನು. ಆ ನಾಲ್ಕು ಸಂಜೆಗಳ ಹೊರತು ಅವನಿಗೆ ಬೇರೆ ವಿಶ್ವವಿದ್ಯಾನಿಲಯವಿರಲಿಲ್ಲ. ಡೇವಿಯು ಆ ಸಂಜೆಗಳಲ್ಲಿ ಸಿದ್ಧತೆಯಿಲ್ಲದೆ ಬಂದು ಏನೋ ಒಂದಿಷ್ಟು ಹೇಳಿ ಮುಗಿಸಿದ್ದರೆ, ಗಣ್ಯರಿಗೆ ನಷ್ಟವೇನೂ ಆಗುತ್ತಿರಲಿಲ್ಲ.

ಅಂಥ ಹುಡುಗನೊಬ್ಬ, ಅಂಥ ಹುಡುಗಿಯೊಬ್ಬಳು ಪ್ರತಿಯೊಂದು ಸಭೆಯಲ್ಲಿಯೂ ಇರುವರೆಂದು ನಂಬಲಾಗದಿರಬಹುದು. ಇಲ್ಲವೆಂದು ನಂಬಲು ಮಾತ್ರ ಯಾವ ಉಪನ್ಯಾಸಕನಿಗೂ ಅಧಿಕಾರವಿಲ್ಲ. ಹಿಂದಿನ ರಾತ್ರಿ ದೀಪದ ಕೆಳಗೆ ಕುಳಿತು, ಬರೆದುದರಲ್ಲಿ ಅರ್ಧವನ್ನು ಹೊಡೆದುಹಾಕಿ, ಉಳಿದ ಅರ್ಧವನ್ನು ಸರಳಗೊಳಿಸುವಾಗ ಅವನ ಕಣ್ಣೆದುರಿಗೆ ಇರತಕ್ಕುದು ಅಧ್ಯಕ್ಷಪೀಠವಲ್ಲ. ಹೆಸರು ತಿಳಿಯದ ಆ ಹಿಂದಿನ ಸಾಲಿನ ಮುಖ.